ಹುಲಿಗೆಮ್ಮನ ಇಲಿಬೋನು

ನಾನು ಒಂದು ಇಲಿಬೋನು. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸೀಮೆಯ ಒಂದು ಪೇಟೆ ನನ್ನ ಊರು. ಮೌಲಾಸಾಬರು ತಂತಿ ಬಗ್ಗಿಸಿ, ತಗಡು ಕತ್ತರಿಸಿ ನನ್ನನ್ನು ಮಾಡಿದರು. ಕೊನೆಗೆ ಬಾಗಿಲಿನ ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದರು. "ಯಾರದಾರ ಬೆರಳು ಕೊಯ್ದೀತು" ಎಂದರು. ನನ್ನನ್ನು ಕೊಳ್ಳುವವರ ಮುಖವನ್ನೂ ಅವರು ನೋಡಿರಲಿಲ್ಲ.

ಕೊಂಡವನು ಅಕ್ಕಿ ಗಿರಣಿಯ ಹಮಾಲಿ ಯಂಕೋಬ. ಗೋದಾಮಿನ ಮೂಲೆಯಲ್ಲಿ ನನ್ನನ್ನಿಟ್ಟು, ತನ್ನ ಮಿರ್ಚಿ ಭಜಿಯಲ್ಲೇ ಒಂದು ತುಂಡು ಮುರಿದು ಕೊಕ್ಕೆಗೆ ಸಿಕ್ಕಿಸುತ್ತಿದ್ದ. ಒಮ್ಮೆ ನನ್ನೊಳಗೆ ಅಳಿಲು ಸಿಕ್ಕಿತು. ಯಂಕೋಬ ಅದನ್ನು ಬೇವಿನ ಮರದವರೆಗೆ ಒಯ್ದು, ಬಾಗಿಲು ತೆರೆದು, ಅದು ಹೊರಗೆ ಬರುವ ತನಕ ಬೆನ್ನು ತಿರುಗಿಸಿ ನಿಂತಿದ್ದ. ನೋಡಿದರೆ ಅದು ಹೆದರುತ್ತದಂತೆ.

ಪ್ರತಿವರ್ಷ ಹೊಸ ಭತ್ತ ಬರುವ ಮುಂಚೆ ಗೋದಾಮು ಖಾಲಿ ಮಾಡಿ ಗುಡಿಸುವುದು ಗಿರಣಿಯ ಪದ್ಧತಿ. ಧೂಳು ಹಾರಿ ಪಕ್ಕದ ಕೋಣೆಯ ಪಾಲಿಶ್ ಅಕ್ಕಿಯ ಮೇಲೆ ಬೀಳಬಾರದೆಂದು ಬಾಗಿಲು ಮುಚ್ಚಿಕೊಂಡೇ ಗುಡಿಸಬೇಕು. ಯಂಕೋಬ ಎರಡು ದಿನ ಹಾಗೆ ಗುಡಿಸಿದ, ಖಾಲಿ ಚೀಲ ಕೊಡವಿದ. ಇಲಿಗಳ ಒಣ ಹಿಕ್ಕೆ ಪುಡಿಯಾಗಿ ಗಾಳಿಯಲ್ಲಿ ತುಂಬಿತ್ತು. ಹೊರಗೆ ಬಂದಾಗ ಅವನ ರೆಪ್ಪೆಗಳೂ ಬೂದುಬಣ್ಣವಾಗಿದ್ದವು.

ಇಪ್ಪತ್ತು ದಿನಕ್ಕೆ ಜ್ವರ ಬಂತು. ಕಣ್ಣು ಕೆಂಪಾದವು, ಸೊಂಟ ಮುರಿದಂತೆ ನೋಯಿತು, ಮೂತ್ರ ನಿಂತಿತು. ಓಣಿಯ ಕಾಂಪೌಂಡರ್ ನೋವಿನ ಸೂಜಿ ಚುಚ್ಚಿ ಗ್ಲುಕೋಸ್ ಬಾಟ್ಲಿ ಹಾಕಿದ. ನಮ್ಮ ಕಡೆ ಎಂಥ ಜ್ವರಕ್ಕೂ ಬಾಟ್ಲಿ ಹಾಕಿದರೇ ಜನಕ್ಕೆ ಸಮಾಧಾನ. ಯಂಕೋಬನ ಹೆಂಡತಿ ಹುಲಿಗೆಮ್ಮ ತಾನೇ ಕೈಮುಗಿದು ಎರಡನೆಯದು, ಮೂರನೆಯದು ಹಾಕಿಸಿದಳು. ಕೈಕಾಲು ಊದಿಕೊಂಡು, ಉಸಿರು ಸಿಗದೆ ಯಂಕೋಬ ತೀರಿಕೊಂಡ.

ಮೂರನೆಯ ದಿನ ಗಿರಣಿಯ ಮ್ಯಾನೇಜರ್ ವಿರುಪಣ್ಣ ಅಂಗಳದಲ್ಲಿ ಎಲ್ಲರ ಮುಂದೆ ಹೇಳಿದ: "ಕುಡದು ಕುಡದು ಸತ್ತ. ಗಿರಣಿ ಏನ್ ಮಾಡ್ತೈತಿ?"

ಯಂಕೋಬ ಶೆರೆ ಮುಟ್ಟಿದವನಲ್ಲ. ಹುಲಿಗೆಮ್ಮ ಅದೇ ಗಿರಣಿಯಲ್ಲಿ ಅಕ್ಕಿ ಹಸನು ಮಾಡುವವಳು. ಇಲಿಗಳ ಆ ಧೂಳೇ ಗಂಡನನ್ನು ನುಂಗಿತೆಂದು ಅವಳಿಗೆ ಅನುಮಾನ. ನನ್ನನ್ನು ಎತ್ತಿಕೊಂಡು ಹೊಸ ಕೊಕ್ಕೆ ಹಾಕಿಸಿದಳು. ಅಂದಿನಿಂದ ನಾನು ಅವಳ ಕೈಯವನಾದೆ. ಸಿಕ್ಕ ಇಲಿಯನ್ನೆಲ್ಲ ನನ್ನ ಸಮೇತ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲುವ ತನಕ ನೋಡುತ್ತಿದ್ದಳು. ನನಗೂ ಸೇಡಿನ ರುಚಿ ಹತ್ತಿತು. ಸುಳ್ಳೇಕೆ ಹೇಳಲಿ, ಬಾಗಿಲು ಬೀಳುವಾಗಿನ ಸದ್ದು ನನಗೆ ಹಿತವಾಗಿತ್ತು.

ಮರುವರ್ಷ ಹಮಾಲಿಗಳು ಯಂಕೋಬನನ್ನು ನೆನೆದು ಗುಡಿಸಲು ಒಪ್ಪಲಿಲ್ಲ. ವಿರುಪಣ್ಣನಿಗೆ ಸಿಟ್ಟು ಬಂತು. ಪಂಚೆ ಎತ್ತಿ ಕಟ್ಟಿ, ಬಾಗಿಲು ಮುಚ್ಚಿ, ತಾನೇ ಪೊರಕೆ ಹಿಡಿದ. ಅರ್ಧ ದಿನ ಗುಡಿಸಿ ಹೊರಗೆ ಬಂದು ಎದೆ ತಟ್ಟಿಕೊಂಡ. "ನೋಡ್ರಲೇ ಹೇಡಿಗಳಾ, ನಾ ಏನ್ ಸತ್ತೀನೇನು?"

"ಇನ್ನಾ ಕೈಕಾಲು ತೊಳ್ಕೊಂಡಿಲ್ಲ, ಸಾವಕಾರ್ರ" ಎಂದು ಹುಲಿಗೆಮ್ಮ ಹಸನು ಮಾಡುತ್ತಲೇ ಅಂದಳು. ಹೆಂಗಸರು ಕಿಸಕ್ಕನೆ ನಕ್ಕರು.

ಮೂರು ವಾರಕ್ಕೆ ಅವನೂ ಮಲಗಿದ. ಕಣ್ಣು ಕೆಂಪು, ಸೊಂಟ ನೋವು, ಮೂತ್ರವಿಲ್ಲ ಎಂಬ ಸುದ್ದಿ ಗಿರಣಿಗೆ ಬಂತು. ದೊಡ್ಡಾಸ್ಪತ್ರೆಯಲ್ಲಿ ಡೆಂಗಿ ಅಲ್ಲ ಎಂದಿದ್ದರು, ಇಲಿಜ್ವರವೂ ಅಲ್ಲ ಎಂದಿದ್ದರು. ನನಗೆ ಹಬ್ಬವಾಯಿತು. ಸುಮ್ಮನಿರು ತಾಯಿ, ಊದಿಕೊಳ್ಳಲಿ ಅವನೂ ಎಂದು ಹುಲಿಗೆಮ್ಮನನ್ನು ನೋಡಿ ತಂತಿ ತಂತಿಯಲ್ಲೂ ಹಾರೈಸಿದೆ.

ಹುಲಿಗೆಮ್ಮ ಆ ಮುಂಜಾನೆ ಸಿಕ್ಕ ಇಲಿಯನ್ನು ಮುಳುಗಿಸಲಿಲ್ಲ. ನನ್ನನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಬಸ್ಸು ಹತ್ತಿದಳು.

ಆಸ್ಪತ್ರೆಯ ವರಾಂಡದಲ್ಲಿ ವಿರುಪಣ್ಣನ ಹೆಂಡತಿ ಗಿರಿಜಮ್ಮ ನರ್ಸನ್ನು ಬೈಯುತ್ತಿದ್ದಳು. "ಒಂದ ಬಾಟ್ಲಿ ಹಾಕಿ ಕುಂತೀರಲ್ಲ, ಇನ್ನೆರಡು ಹಾಕ್ರಿ!"

"ಬ್ಯಾಡ್ರಿ ಅಕ್ಕಾರ" ಎಂದಳು ಹುಲಿಗೆಮ್ಮ. "ನಾನೂ ಹಿಂಗ ಬೇಡಿ ಹಾಕಿಸಿದ್ದೆ. ನೀರು ಹೊರಗ ಹೋಗ್ಲಿಲ್ಲ. ಎದಿಗೆ ತುಂಬ್ತು."

ಡಾಕ್ಟರ್ ಫರ್ಹಾನಾ ತಿರುಗಿ ನೋಡಿದರು. "ಗೋಣ್ಯಾಗ ಏನಮ್ಮಾ ಅದು?"

"ಇಲಿ ರೀ."

ನರ್ಸು ಸ್ಟೂಲು ಹತ್ತಿದಳು. ನನ್ನನ್ನು ಅಂಗಳಕ್ಕೆ ಒಯ್ಯಿಸಿ, ದೂರದಲ್ಲಿಟ್ಟು, ಹುಲಿಗೆಮ್ಮನ ಕೈ ಸಾಬೂನಿನಿಂದ ತೊಳೆಸಿದ ಮೇಲೆ ಡಾಕ್ಟರ್ ಕೇಳಿದರು: "ಗಿರಣ್ಯಾಗ ಒಂದೂ ಇಲಿ ಇಲ್ಲ ಅಂದಾರಲ್ಲ ಇವರು?"

"ಲೈಸೆನ್ಸ್ ಹೋಗ್ತೈತಿ ಅಂತ ಹಂಗ ಹೇಳ್ಯಾರ. ಇವತ್ತು ಇದೊಂದು. ನಿನ್ನೆ ನಾಕು."

ಅವಳು ಯಂಕೋಬನ ಕಥೆಯನ್ನು ಮೊದಲಿನಿಂದ ಹೇಳಿದಳು. ಒಂದು ವರ್ಷದಲ್ಲಿ ಅದನ್ನು ಪೂರ್ತಿ ಕೇಳಿದ ಮೊದಲ ವ್ಯಕ್ತಿ ಆ ಡಾಕ್ಟರ್. ಕೇಳಿ ಮುಗಿಸಿ ಹೇಳಿದರು: "ಒಣಗಿದ ಹಿಕ್ಕಿ, ಉಚ್ಚಿ ಧೂಳಾಗಿ ಉಸಿರಿನ ಜೊತಿ ಒಳಗ ಹೋದ್ರ ಬರೋ ಜ್ವರ ಒಂದೈತಿ. ಹಂಟಾ ಅಂತಾರ. ಮೂತ್ರಪಿಂಡಕ್ಕ ಹೊಡೀತೈತಿ. ಅದಕ್ಕಂತ ಔಷಧ ಇಲ್ಲ, ಆದ್ರ ಕಾಯ್ದು ಉಳಿಸಬಹುದು."

ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಉತ್ತರ ಬರುವ ತನಕ ಸುಮ್ಮನೆ ಕೂರಲಿಲ್ಲ. ನೋವಿನ ಸೂಜಿ ನಿಲ್ಲಿಸಿದರು, ಮೂತ್ರ ಅಳೆದು ಅದಕ್ಕೆ ತಕ್ಕಷ್ಟೇ ನೀರು ಕೊಟ್ಟರು, ಮೂರು ಸಲ ಡಯಾಲಿಸಿಸ್ ಮಾಡಿದರು. ನನ್ನನ್ನು ಮುಖಕವಚ, ಕೈಗವಸು ತೊಟ್ಟ ಆರೋಗ್ಯ ಇಲಾಖೆಯವರು ಒಯ್ದರು. ಇಲಿಯ ರಕ್ತ, ವಿರುಪಣ್ಣನ ರಕ್ತ ಎರಡೂ ಹಂಟಾ ಎಂದೇ ಹೇಳಿದವು.

ಮೊದಲ ದಿನವೇ ಗಿರಿಜಮ್ಮ ಕೇಳಿದ್ದಳು: "ನಮ್ಮವರು ನಿನ್ನ ಗಂಡಗ ಕುಡುಕ ಅಂದಾರ. ಆದ್ರೂ ಯಾಕ ಬಂದಿ ತಂಗಿ?"

"ಆತ ಉಳೀಬೇಕ್ರಿ. ಸತ್ತ ಬಾಯಿಂದ ಮಾತು ಹೊರಡಂಗಿಲ್ಲ."

ಆಗ ನನಗೆ ತಿಳಿಯಿತು, ನನ್ನ ಸೇಡು ಎಷ್ಟು ಚಿಕ್ಕದೆಂದು. ಸ್ಟೂಲಿನಿಂದ ಇಳಿದಿದ್ದ ನರ್ಸು ಅವಳಿಗೆ ತನ್ನ ಚಹಾದಲ್ಲೇ ಅರ್ಧ ಬಗ್ಗಿಸಿ ಕೊಟ್ಟಳು.

ಎರಡು ತಿಂಗಳಾದ ಮೇಲೆ ವಿರುಪಣ್ಣ ಗಿರಣಿಗೆ ಬಂದ. ಹುಲಿಗೆಮ್ಮ ಅವನನ್ನು ಅಂಗಳದ ನಡುವೆ ನಿಲ್ಲಿಸಿದಳು. ಎಲ್ಲರೂ ಕೂಡಿದ್ದರು.

"ಯಂಕೋಬ ಕುಡೀತಿದ್ದಿಲ್ಲ" ಎಂದ ಅವನು.

"ಹಿಂದಿನವರಿಗೆ ಕೇಳಿಸ್ಲಿಲ್ಲ" ಎಂದಳು ಹುಲಿಗೆಮ್ಮ.

"ಕುಡೀತಿದ್ದಿಲ್ಲ! ನಾ ಸುಳ್ಳು ಹೇಳಿದೆ. ಈ ಧೂಳು ಅವನ್ನ ಕೊಂದಿದ್ದು."

ನಾನೀಗ ಮುದಿಯಾಗಿದ್ದೇನೆ. ಇಲಾಖೆಯವರು ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಅದ್ದಿ ನನ್ನ ತಂತಿ ತುಕ್ಕು ಹಿಡಿಯಿತು. ಹುಲಿಗೆಮ್ಮ ನನ್ನನ್ನು ಮರಳಿ ತಂದು ಗಿರಣಿಯ ಗೋಡೆಗೆ ತೂಗುಹಾಕಿದ್ದಾಳೆ. ಇಲ್ಲಿಂದ ಅಂಗಳವೆಲ್ಲ ಕಾಣುತ್ತದೆ. ಈಗ ಗುಡಿಸುವ ಮುಂಚೆ ಬಾಗಿಲು ತೆರೆದು ಗಾಳಿಯಾಡಿಸುತ್ತಾರೆ, ಬ್ಲೀಚಿಂಗ್ ನೀರು ಚಿಮುಕಿಸುತ್ತಾರೆ, ಮೂಗು ಬಾಯಿಗೆ ಮುಖಕವಚ ಕಟ್ಟಿಕೊಳ್ಳುತ್ತಾರೆ. ಕ್ಷಮಿಸಿದಳೇ ಎಂದು ನೀವು ಕೇಳಬಹುದು. ಇಲ್ಲ. ಪ್ರತಿವರ್ಷ ಗೋದಾಮು ಗುಡಿಸುವ ದಿನ ಯಂಕೋಬ ಹೇಗೆ ಸತ್ತನೆಂದು ವಿರುಪಣ್ಣನೇ ಹೊಸ ಹಮಾಲಿಗಳಿಗೆ ಹೇಳಬೇಕು. ಹುಲಿಗೆಮ್ಮ ಮುಂದಿನ ಸಾಲಿನಲ್ಲಿ ಕೈಕಟ್ಟಿ ನಿಂತು ಕೇಳುತ್ತಾಳೆ. ಅವನ ದನಿ ತಗ್ಗಿದರೆ, ತನ್ನ ಸುಳ್ಳಿನ ಮಾತನ್ನು ಹಾರಿಸಿ ಮುಂದೆ ಹೋದರೆ, ಕೈಯೆತ್ತಿ ತಡೆಯುತ್ತಾಳೆ.

"ಮೊದಲಿಂದ ಹೇಳ್ರಿ" ಎನ್ನುತ್ತಾಳೆ.