ಗುರುಸಿದ್ಧಪ್ಪ ಕಾಕಾರ ಗುಪ್ತಮತ

ಕಳೆದ ಲೋಕಸಭಾ ಚುನಾವಣೆಯಲ್ಲಿ ನಾನು ಮತಯಂತ್ರದ ನೀಲಿ ಗುಂಡಿಯನ್ನು ಬಿಟ್ಟು, ಅದರ ಪಕ್ಕದ ಚುನಾವಣಾ ಚಿಹ್ನೆಯ ಚಿತ್ರವನ್ನೇ ಶಕ್ತಿಮೀರಿ ಒತ್ತಿ, ಸದ್ದು ಬಾರದೆ ಗಾಬರಿಯಾಗಿ, ರಟ್ಟಿನ ಮರೆಯಿಂದಲೇ ಕೂಗಿಬಿಟ್ಟೆ: "ರೋಡ್ ರೋಲರ್ ಒತ್ತೇನ್ರಿ, ಏನ್ ಮಾಡಿದ್ರೂ ಅಲಗವಲ್ದು!" ಗಾಬರಿಯಲ್ಲಿ ನನ್ನ ಬಾಯಿಗೆ ಬರುವುದು ಕನ್ನಡವೇ, ಆದರೆ ರೋಡ್ ರೋಲರಿಗೆ ಮರಾಠಿಯಲ್ಲೂ ರೋಡ್ ರೋಲರ್ ಎಂದೇ ಹೆಸರು, ನನ್ನ ಮತ ಯಾರಿಗೆಂದು ಎಲ್ಲರಿಗೂ ತಿಳಿಯಿತು. "ಚಿತ್ರ ನಾಹೀ ಸಾಹೇಬ, ಬಟನ ದಾಬಾ," ಎಂದು ಮರಾಠಿಯಲ್ಲಿ ಗುಂಡಿ ಒತ್ತಲು ಹೇಳಿದರು ಮತಗಟ್ಟೆಯ ಅಧಿಕಾರಿ ಜಿನಮತಿಬಾಯಿ. ಮಹಾರಾಷ್ಟ್ರದ ಸಾಂಗ್ಲಿಯ ಆ ಶಾಲಾಕೊಠಡಿಯೇ ನಕ್ಕಿತು. ನಗದೆ ಉಳಿದ ಮುಖ ಒಂದೇ, ನನ್ನ ಹಿಂದೆ ನಿಂತಿದ್ದ ಗುರುಸಿದ್ಧಪ್ಪ ಕಾಕಾರದು.

ಆ ಮುಖವನ್ನು ನಾನು ಬಾಲ್ಯದಿಂದ ಬಲ್ಲೆ. ಬೇಸಿಗೆಯಲ್ಲೂ ಕೊರಳತನಕ ಮುಚ್ಚಿದ ಉದ್ದ ಕೋಟು, ಕರಿ ಟೊಪ್ಪಿಗೆ, ಅರಿಸಿನ ಪೇಟೆಯ ದಲಾಲಿತನ ಉಗುರುಗಳಲ್ಲಿ ಉಳಿಸಿಹೋದ ಹಳದಿ. ಚೀಲಗಳ ಸಾಲಿನ ನಡುವೆ ದಾರಿ ಮಾಡಿಕೊಳ್ಳುವವರಂತೆ ಒಂದು ಭುಜ ಮುಂದಿಟ್ಟು ಓರೆಯಾಗಿ ನಡೆಯುವ ರೀತಿ. ಯಾವ ಪ್ರಶ್ನೆ ಕೇಳಿದರೂ ಮೊದಲು "ನೋಡೂಣು" ಎಂಬ ಒಂದೇ ಉತ್ತರ. ಈಗ ದರಗಳು ಎಲ್ಲರ ಮೊಬೈಲಿನಲ್ಲಿ ಮಿನುಗುತ್ತವೆ. ಆಗ ಹಾಗಿರಲಿಲ್ಲ, ಇಬ್ಬರು ಒಂದೇ ಟವೆಲ್ಲಿನ ಕೆಳಗೆ ಕೈಯಿಟ್ಟು, ಬೆರಳು ಅದುಮಿ ದರ ತಿಳಿಸಿ, ಮಾತಿಲ್ಲದೆ ವ್ಯವಹಾರ ಮುಗಿಸುತ್ತಿದ್ದರು. ನಮ್ಮಪ್ಪನ ಅಂಗಡಿಯ ಕಟ್ಟೆಯಲ್ಲಿ ಕೂತು ನಾನು ಅವರ ಮುಖಗಳಿಂದ ದರ ಊಹಿಸಲು ಹೆಣಗುತ್ತಿದ್ದೆ. ಉಳಿದವರ ಹುಬ್ಬು ಎಲ್ಲೋ ಒಮ್ಮೆ ಕೊಂಕುತ್ತಿತ್ತು. ಕಾಕಾರ ಮುಖ ಮಾತ್ರ ಬಾಗಿಲು ಹಾಕಿದ ಅಂಗಡಿ.

ಮತದ ವಿಷಯವೂ ಹಾಗೆಯೇ. ಆರು ದಶಕಗಳಿಂದ ಅವರು ಯಾರಿಗೆ ಮತ ಹಾಕಿದರೆಂಬುದನ್ನು ಹೆಂಡತಿ ನಾಗವ್ವನಿಗೂ ಹೇಳಿಲ್ಲ. "ಮದುವಿ ದಿನಾನೂ ಇದ ಮಾರಿ ಇತ್ತು," ಎನ್ನುತ್ತಾಳೆ ಆಕೆ. "ನಾ ಪಸಂದ ಬಂದೆನೋ ಇಲ್ಲೋ, ಇನ್ನೂ ತಿಳದಿಲ್ಲ ನೋಡಪಾ!"

ಈಚೆಗೆ ಕಾಕಾರ ಕಣ್ಣು ಹೋದವು. ಮಿರಜಿನ ಡಾಕ್ಟರರೂ ಕೈಚೆಲ್ಲಿದರು. ಮನೆಗೇ ಬಂದು ಮತ ಪಡೆಯುವ ಅನುಕೂಲವಿದ್ದರೂ ಕಾಕಾ ಒಲ್ಲೆ ಎಂದರು: "ಮನಿಯಾಗ ಗುಟ್ಟು ಎಲ್ಲಿ ಉಳಿತೈತಿ?" ಕಾಣದವರ ಪರವಾಗಿ ಜೊತೆಗಾರನೊಬ್ಬ ಗುಂಡಿ ಒತ್ತಬಹುದೆಂಬ ನಿಯಮವನ್ನು ನಂಬಿ, ಒಂದು ಪಕ್ಷದ ಪ್ರಚಾರಕ್ಕೆ ತಿಂಗಳಿಡೀ ಗಂಟಲು ಹರಿದುಕೊಂಡಿದ್ದ ಮಗ ಅಜಿತ, ಅಂದು ತೋಳು ಹಿಡಿದು ಕರೆತಂದಿದ್ದ. ಅವನು ಮರೆಯೊಳಗೆ ಕಾಲಿಟ್ಟರೆ ಕಾಕಾ ಆಯುಷ್ಯವಿಡೀ ಕಾಪಾಡಿದ ಗುಟ್ಟು ಅಲ್ಲಿಗೆ ಮುಗಿಯಿತು.

ಜಿನಮತಿಬಾಯಿ ಕನ್ನಡಕ್ಕಿಳಿದು ಕೇಳಿದರು, "ಜೋಡಿ ಯಾರ್ ಬರ್ತಾರ್ರಿ, ಕಾಕಾ?"

"ಬೆರಳು ಬರ್ತಾವ."

"ಅಪ್ಪಾ, ಹಟ ಮಾಡಬ್ಯಾಡ್ರಿ. ನಾ ಒತ್ತತೀನಿ," ಎಂದ ಅಜಿತ.

"ನೀ ಒತ್ತತಿ ಅಂತ ಗೊತ್ತೈತೋ. ಅದಕ್ಕ ಒಲ್ಲೆ."

ಬಳಿಕ ಕಾಕಾ ಅಧಿಕಾರಿಯಿಂದ ಅಭ್ಯರ್ಥಿಗಳ ಹೆಸರನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಓದಿಸಿದರು: "ನಡುವ ಎಲ್ಲೂ ನಿಂದ್ರಬ್ಯಾಡವಾ." ಯಾವ ಹೆಸರಿಗೂ ರೆಪ್ಪೆ ಕದಲಲಿಲ್ಲ. ಜಿನಮತಿಬಾಯಿ ತಮ್ಮ ಮುಂದಿನ ಪೆಟ್ಟಿಗೆಯ ಗುಂಡಿ ಒತ್ತಿ, ಒಂದೇ ಒಂದು ಮತಕ್ಕೆ ಯಂತ್ರವನ್ನು ತೆರೆದುಕೊಟ್ಟರು. ಮರೆಯ ಹಿಂದೆ ಆ ಹಳದಿ ಬೆರಳುಗಳು ನೀಲಿ ಗುಂಡಿಗಳನ್ನು ಒಂದೊಂದಾಗಿ ಸವರಿ ಎಣಿಸುತ್ತ ಇಳಿಯುತ್ತಿರಬೇಕು. ಒತ್ತಿದರೆ ಹತ್ತುವ ಕೆಂಪು ದೀಪವಾಗಲಿ, ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುವ ಚೀಟಿಯಾಗಲಿ ಅವರ ಪಾಲಿಗಿಲ್ಲ, ಉಳಿದದ್ದು ಸದ್ದೊಂದೇ. ಅದೂ ಬರಲೊಲ್ಲದು. ಸಾಲು ಗೊಣಗಿತು. ಮತ ಮುಗಿಸಿ ಬಾಗಿಲಲ್ಲಿ ನಿಂತಿದ್ದ ನನ್ನ ಪಕ್ಕಕ್ಕೆ ಬಂದು ನಿಂತಿದ್ದ ಅಜಿತ ಹೊಸ್ತಿಲ ಒಳಗೆ ಒಂದು ಕಾಲಿಟ್ಟ.

"ಬರ್ಲೇನ್ರಿ, ಅಪ್ಪಾ?"

"ಬ್ಯಾಡ."

ಆಗ ಯಂತ್ರ ಉದ್ದಕ್ಕೆ ಕೂಗಿತು. ಅಜಿತ ಒಳಗಿಟ್ಟ ಕಾಲನ್ನು ಹಿಂದಕ್ಕೆಳೆದುಕೊಂಡ.

ಮನಸ್ಸಿಗೆ ಬಂದುದನ್ನೆಲ್ಲ ಮೊಬೈಲಿಗೆ ಬಳಿಯುವ ನಮ್ಮಂಥವರ ನಡುವೆ ಈ ಬಗೆಯ ಮನುಷ್ಯರು ವಿರಳವಾಗುತ್ತಿದ್ದಾರೆ. ಎಲ್ಲ ಪಕ್ಷದವರ ಚಹಾವನ್ನೂ ಕುಡಿದು, ಎಲ್ಲರ ಭಾಷಣಕ್ಕೂ ತಲೆದೂಗಿ, ಯಾರ ಕೈಗೂ ಸಿಗದೆ ಮನೆಗೆ ಹೋಗುವವರು. ಇಂಥವರು ಓಣಿಗೆ ನಾಲ್ವರಿದ್ದರೂ ಸಾಕು, ಯಾವ ಪುಢಾರಿಗೂ ಎಣಿಕೆಯ ಹಿಂದಿನ ರಾತ್ರಿ ನಿದ್ದೆ ಹತ್ತುವುದಿಲ್ಲ. ಪ್ರಜಾಪ್ರಭುತ್ವ ಬದುಕಿರುವುದು ಬಹುಶಃ ಆ ನಿದ್ದೆಗೇಡಿನಿಂದಲೇ.

ಅಂಗಳಕ್ಕೆ ಬಂದ ಮೇಲೆ ಅಜಿತ ಸೋತ ದನಿಯಲ್ಲಿ ಕೇಳಿದ: "ಈಗಾದ್ರೂ ಹೇಳ್ರಿ ಅಪ್ಪಾ, ಯಾರಿಗ್ ಹಾಕಿದ್ರಿ?"

"ಎಣಿಕಿ ಆಗ್ಲಿ," ಎಂದರು ಕಾಕಾ. "ಗೆದ್ದವಗ ಹಾಕೀನಿ."