ಬಿಳೇವು

"ಲಗಮವ್ವಾ, ಬಿಳೇವು ಒಯ್ಯಾಕ ಬಂದೇನಿ. ಹುಲ್ಲಪ್ಪ ಕಳಿಸ್ಯಾನ."

ಅಂಗಳದಿಂದ ಕುರಿ ವ್ಯಾಪಾರಿ ಲಾಡಸಾಬನ ದನಿ ಕೇಳಿದಾಗ ಲಗಮವ್ವನ ಕೈ ಮೊಣಕೈವರೆಗೂ ಪಂಜರದೊಳಗಿತ್ತು. ಹಿಂದಿನ ದಿನ ಈದ ಹೆಣ್ಣು ಮೊಲ ಮೂಲೆಗೆ ಸರಿದು ಮೂಗು ಅಲುಗಿಸುತ್ತ ಕೂತಿತ್ತು. ಅದು ತನ್ನ ಎದೆಯ ಕೂದಲನ್ನೇ ಕಿತ್ತು ಹಾಸಿದ ಗೂಡಿನಲ್ಲಿ ಮರಿಗಳು ಕಣ್ಣು ತೆರೆಯದೆ, ಮೈಮೇಲೆ ಕೂದಲಿಲ್ಲದೆ, ಒಂದರ ಮೇಲೊಂದು ಬಿದ್ದಿದ್ದವು. ಸತ್ತದ್ದಿದ್ದರೆ ಅಂದೇ ತೆಗೆದುಹಾಕಬೇಕು, ಇಲ್ಲವಾದರೆ ಉಳಿದವೂ ಕೆಡುತ್ತವೆ. ತನ್ನ ವಾಸನೆ ಹತ್ತದಿರಲೆಂದು ಆಕೆ ಕೈಗೆ ಹಸಿ ಹುಲ್ಲು ಉಜ್ಜಿಕೊಂಡಿದ್ದಳು. ಮರಿಗಳೆಲ್ಲ ಬೆಚ್ಚಗಿದ್ದವು. ಲಾಡಸಾಬನ ಮಾತು ಕೇಳಿ ತಣ್ಣಗಾದದ್ದು ಆಕೆಯ ಕೈ.

ಹುಲ್ಲಪ್ಪ ಆಕೆಯ ಗಂಡನ ಅಣ್ಣ. ಮನೆಗೆ ಹಿರಿಯ, ಕುರಿಹಿಂಡಿಗೆ ಒಡೆಯ, ಸಿಟ್ಟಿಗಂತೂ ಊರಿಗೇ ಮೊದಲಿಗ. ಬೀರಪ್ಪನ ಗುಡಿಯಲ್ಲಿ ಹಣೆಗೆ ಅರಿಶಿನದ ಭಂಡಾರ ಬಳಿದುಕೊಂಡು ಹಿಂಡು ಹೊಡೆದುಕೊಂಡು ಹೋದನೆಂದರೆ, ಆ ಹಿಂಡು ತಿರುಗಿ ದೊಡ್ಡಿ ಸೇರುವವರೆಗೆ ಮೊಲ ಎಂಬ ಶಬ್ದ ಅವನ ಬಾಯಿಂದ ಬರುವಂತಿಲ್ಲ, ಮನೆಯಲ್ಲಿ ಯಾರ ಬಾಯಿಂದಲೂ ಬರುವಂತಿಲ್ಲ. ಹೆಸರೆತ್ತಿದರೆ ಕುರಿಗೆ ತೋಳ ಬೀಳುತ್ತದೆ ಎಂದು ಅಜ್ಜನ ಕಾಲದಿಂದ ಬಂದ ನಂಬಿಕೆ. ಅಡವಿಯಲ್ಲಿ ಒಂದು ಮೊಲ ಅಡ್ಡ ಹಾಯ್ದರೆ ಉಗುಳಿ, ಕಂಬಳಿ ಕೊಡವಿ, ಕೂತು ಎದ್ದು ಹೋಗುವ ಮನೆತನ ಅದು. ಅಂಥ ಮನೆಯ ಹಿತ್ತಲಲ್ಲಿ ಈಗ ಸಾಲು ಸಾಲು ಪಂಜರ, ಪಂಜರದ ತುಂಬ ಮೊಲ!

ಸಾಕಿದ ಮೇಲೆ ಕರೆಯಲು ಏನಾದರೊಂದು ಹೆಸರು ಬೇಕಲ್ಲ? ಅವುಗಳ ಬಿಳಿ ಬಣ್ಣ ನೋಡಿ ಅದನ್ನೂ ಹುಲ್ಲಪ್ಪನೇ ಇಟ್ಟಿದ್ದ. "ಬಿಳೇವು ಅನ್ರಿ. ಆ ಹೆಸರು ನನ್ನ ಮನ್ಯಾಗ ಎತ್ತಬ್ಯಾಡ್ರಿ." ಅಂದಿನಿಂದ ಆ ಮನೆಯಲ್ಲಿ ಮೇವು ಬಿಳೇವಕ್ಕೆ, ನೀರು ಬಿಳೇವಕ್ಕೆ, ಈಯುವುದೂ ಬಿಳೇವು, ಸಾಯುವುದೂ ಬಿಳೇವು. ಊರಿನ ಬೇರೆ ಯಾರಿಗೂ ಈ ಮರ್ಯಾದೆಯ ಮಾತು ಗೊತ್ತಿರಲಿಲ್ಲ.

ಲಗಮವ್ವ ಮೋಜಿಗೆ ಮೊಲ ಸಾಕಿದವಳಲ್ಲ. ಆಕೆಯ ಗಂಡ ಅಮಸಿದ್ದಪ್ಪ ಬಾದಾಮಿ ಗುಡ್ಡದಲ್ಲಿ ಕುರಿ ಕಾಯುವಾಗ ಬಂಡೆಯಿಂದ ಬಿದ್ದು ಕಾಲು ಮುರಿದುಕೊಂಡಿದ್ದ. ಕಾಲು ಕೂಡಿತು, ಆದರೆ ಸೊಟ್ಟಗೆ ಕೂಡಿತು. ನಡೆಯಲಾರದ ಕುರುಬ ಎಂದರೆ ಏನು? ಉಣ್ಣೆ ನೂಲುತ್ತ ಕಟ್ಟೆಯ ಮೇಲೆ ಕೂತವನು. ಅವನಿಗೆ ಬಡಿಸುವ ಪ್ರತಿ ರೊಟ್ಟಿಯ ಮೇಲೂ ನೆಗೆಣ್ಣಿ, ಹುಲ್ಲಪ್ಪನ ಹೆಂಡತಿ ರಾಮವ್ವ ಒಂದು ಮಾತಿನ ಚಟ್ನಿ ಹಾಕಿಯೇ ಬಡಿಸುತ್ತಿದ್ದಳು. ಲಗಮವ್ವನ ಅಣ್ಣ ವಿದ್ಯಾಗಿರಿಯ ಕಾಲೇಜಿನಲ್ಲಿ ಮಾಲಿ. ಅಲ್ಲಿಯ ಮಾಸ್ತರೊಬ್ಬರು ಮನೆಯ ಹಿಂದೆ ಬಿಳಿ ಮೊಲ ಸಾಕಿದ್ದನ್ನು ನೋಡಿ, ಒಂದು ಗಂಡು, ಎರಡು ಹೆಣ್ಣು ಬುಟ್ಟಿಯಲ್ಲಿ ಹಾಕಿಸಿ ತಂಗಿಗೆ ತಂದುಕೊಟ್ಟ. ಅಮಸಿದ್ದಪ್ಪ ಕೂತಲ್ಲೇ ಜಾಲಿ ಕಟ್ಟಿಗೆ ಕೆತ್ತಿ, ತಂತಿ ಬಲೆ ಬಡಿದು, ಹಿಕ್ಕೆ ಕೆಳಗೆ ಬೀಳುವಂತೆ ನೆಲದಿಂದ ಎತ್ತರಕ್ಕೆ ಪಂಜರ ಮಾಡಿದ. ಬಾವಿಯ ದಂಡೆಗೆ ಮೇವಿಗೆಂದು ಕುದುರೆಮೆಂತೆ ಬಿತ್ತಿದರು. ಬೇಸಿಗೆಯಲ್ಲಿ ಗೋಣಿತಟ್ಟು ತೋಯಿಸಿ ಪಂಜರದ ಸುತ್ತ ಕಟ್ಟಿದರು. ಬಾಗಲಕೋಟೆಯ ಸ್ಟೇಷನ್ ಹತ್ತಿರದ ಖಾನಾವಳಿಯವನು ವಾರವಾರ ಬಂದು ಮಾಂಸಕ್ಕೆ ಮೊಲ ಕೊಂಡು ಒಯ್ಯತೊಡಗಿದ. ಹಿಕ್ಕೆ ಹೊಲಕ್ಕೆ ಹೋಯಿತು, ಆ ವರ್ಷ ಮೆಣಸಿನಗಿಡ ಸೊಂಟದ ಮಟ್ಟ ಬಂತು. ಆ ಬಂಗಾರದಂಥ ಗೊಬ್ಬರ ಬಳಸುವಾಗ ಹುಲ್ಲಪ್ಪನಿಗೆ ಯಾವ ಅಪಶಕುನವೂ ನೆನಪಾಗಲಿಲ್ಲ.

ಮೊದಲ ಗಳಿಕೆಯಲ್ಲಿ ಅಮಸಿದ್ದಪ್ಪ ತನಗೇನೂ ಕೊಳ್ಳಲಿಲ್ಲ. ಅಣ್ಣನಿಗೆ ಕೆಂಪು ರುಮಾಲು ತರಿಸಿದ. ಹುಲ್ಲಪ್ಪ ಅದನ್ನು ಮಡಿಕೆ ಸಹ ಬಿಚ್ಚದೆ ಗೂಟಕ್ಕೆ ಸಿಗಿಸಿದ. ಅದು ಅಲ್ಲೇ ಧೂಳು ತಿನ್ನುತ್ತಿತ್ತು.

"ಹಬ್ಬಕ್ಕ ಸುತ್ತಾಕ ಇಟ್ಟಾನ," ಎಂದು ಅಮಸಿದ್ದಪ್ಪ ಹೆಂಡತಿಗೆ ಹೇಳಿದ್ದ. ಅಣ್ಣನ ವಿಷಯದಲ್ಲಿ ಅವನು ಹೀಗೆಯೇ. ಹಬ್ಬಗಳು ಬಂದವು, ಹೋದವು. ಅವನ ನಂಬಿಕೆ ಮಾತ್ರ ಹೋಗಲಿಲ್ಲ. ಲಗಮವ್ವನಿಗೆ ಹುಲ್ಲಪ್ಪನ ಮೇಲಿದ್ದಷ್ಟೇ ಸಿಟ್ಟು ಗಂಡನ ಈ ನಂಬಿಕೆಯ ಮೇಲೂ ಇತ್ತು.

ಈ ಸಲ ಹಿಂಡು ಹೊರಟ ಮುಂಜಾನೆ ಹುಲ್ಲಪ್ಪ ಹಿತ್ತಲ ಬಾಗಿಲಿಗೆ ಬಂದು ನಿಂತಿದ್ದ. ಆಕೆ ಸೆರಗು ಎಳೆದುಕೊಂಡು ಗೋಡೆಯ ಕಡೆ ಸರಿದಿದ್ದಳು. ಅಮಸಿದ್ದಪ್ಪ ಮುಂದಿನ ಕಟ್ಟೆಯಲ್ಲಿದ್ದ.

"ಹ್ವಾದ ತಿಂಗಳ ತೋಳ ಎರಡು ಕುರಿ ಒಯ್ತು," ಎಂದಿದ್ದ ಹುಲ್ಲಪ್ಪ, ಪಂಜರದ ಕಡೆ ಗದ್ದ ಎತ್ತಿ. "ಯಾಕ ಒಯ್ತು ಅನ್ನೂದು ನನಗ ಗೊತ್ತೈತಿ. ನಾ ತಿರುಗಿ ಬರೂದ್ರಾಗ ಇವು ಇಲ್ಲಿ ಇರಬಾರದು. ನೀ ತಗೀದಿದ್ರ ನಾ ತಗಸ್ತೇನಿ."

ಇದನ್ನು ಗಂಡನಿಗೆ ಹೇಳಿದರೆ ಅವನು ಏನೆನ್ನುತ್ತಾನೆ ಎಂದು ಆಕೆಗೆ ಗೊತ್ತಿತ್ತು. "ಅಣ್ಣ ಚಾಷ್ಟಿ ಮಾಡ್ಯಾನ" ಎನ್ನುತ್ತಾನೆ. ಆಕೆ ಹೇಳಲಿಲ್ಲ.

ಈಗ ಲಾಡಸಾಬ ಬಂದಿದ್ದ. ಹೊರಗೆ ಬಾಡಿಗೆಯ ಟೆಂಪೊ ನಿಂತಿತ್ತು. ಲಗಮವ್ವ ಪಂಜರದ ಬಾಗಿಲು ಹಾಕಿ, ಕೈ ಒರೆಸಿಕೊಂಡು ಅಂಗಳಕ್ಕೆ ಬಂದಳು.

"ಎಲ್ಲಿ ಸಿಕ್ಕಿದ್ರು ನಮ್ಮ ಬಾವಾರು?"

"ತುಳಸಿಗೇರಿ ಹಾದ್ಯಾಗ ಕುರಿ ಬಿಟ್ಕೊಂಡು ನಿಂತಿದ್ದ. 'ಮನ್ಯಾಗಿನ ಬಿಳೇವು ಎಲ್ಲಾ ಒಯ್ಯಿ, ಒಂದೂ ಉಳಸಬ್ಯಾಡ, ನನ್ನ ತಮ್ಮಗ ನಾ ಹೇಳೇನಿ ಅನ್ನು' ಅಂದ. ನಾಳೆ ಅಮೀನಗಡ ಸಂತಿ ನೋಡವ್ವಾ, ಲಗೂನ ತುಂಬಬೇಕು." ಲಾಡಸಾಬ ದೊಡ್ಡಿಯ ಕಡೆ ಕಣ್ಣು ಹಾಯಿಸಿದ. "ಖರೆ ಹೇಳ್ಲೇನು? ಹಾಲಗುರಿ ಮಾರ್ತಾನಂದ್ರ ನನಗೂ ನಂಬಿಕಿ ಬರಲಿಲ್ಲ. ಆದ್ರ ಕೇಳಿದ್ರ ಮೈಮ್ಯಾಲೆ ಬರ್ತಾನ. ನಮಗ್ಯಾಕ ಅಂತ ಸುಮ್ನಾದೆ."

ಲಗಮವ್ವ ಅವನ ಕಣ್ಣು ಹೋದಲ್ಲಿ ತಾನೂ ನೋಡಿದಳು. ದೊಡ್ಡಿಯಲ್ಲಿ, ಹೊಸದಾಗಿ ಈದು ಹಿಂಡಿನ ಜೊತೆ ನಡೆಯಲಾರದ ತಾಯಿಕುರಿಗಳು ನಿಂತಿದ್ದವು. ಬೆಳ್ಳಗಿನ, ದಷ್ಟಪುಷ್ಟ ಕುರಿಗಳು. ಹುಲ್ಲಪ್ಪನ ಹಿಂಡಿನಲ್ಲಿ ಅವಕ್ಕಿಂತ ಒಳ್ಳೆಯವು ಇರಲಿಲ್ಲ. ಕುರಿ ವ್ಯಾಪಾರಿಗೆ ಬಿಳೇವು ಎಂದರೆ ಇನ್ನೇನು?

ರಾಮವ್ವ ಹುನಗುಂದಕ್ಕೆ ತವರುಮನೆಗೆ ಹೋಗಿದ್ದಳು. ತಿದ್ದಿ ಹೇಳುವವರು ಯಾರೂ ಇರಲಿಲ್ಲ. ಆದರೂ ಲಗಮವ್ವ ಕಟ್ಟೆಯ ಕಡೆ ತಿರುಗಿದಳು. ಗಂಡನಿಗೆ ಒಂದು ಅವಕಾಶ ಕೊಡಬೇಕೆನ್ನಿಸಿತು, ಅಥವಾ ತನ್ನ ತಲೆಯ ಮೇಲಿನ ಭಾರ ಅವನಿಗೂ ಸ್ವಲ್ಪ ಹೊರಿಸಬೇಕೆನ್ನಿಸಿತು.

"ಕೇಳಿದ್ರೇನು? ನಿಮ್ಮಣ್ಣ ಬಿಳೇವು ಕೊಡು ಅಂದಾರಂತ. ಯಾವ ಬಿಳೇವು ಇದ್ದೀತು?"

ಅಮಸಿದ್ದಪ್ಪ ನೂಲುವ ಕೈ ನಿಲ್ಲಿಸದೆ ನಕ್ಕ. "ಎಂಥಾ ಹುಚ್ಚಿ ಅದೀಯಲೇ. ಲಾಡಸಾಬ ನಿನ್ನ ಬಿಳೇವು ಕೊಳ್ಳಾಂವೇನು? ಅಂವಾ ಕುರಿ ಯಾಪಾರಿ. ಅಣ್ಣ ಹೇಳಿದ ಮ್ಯಾಲೆ ಮುಗೀತು, ಕೊಡು."

ತನ್ನ ಮೊಲಗಳನ್ನು ಅಣ್ಣ ಮಾರಿಯಾನು ಎಂಬುದು ಅವನ ಕನಸಿನಲ್ಲೂ ಬರಲಾರದು. ಲಗಮವ್ವ ಹೋಗಿ ದೊಡ್ಡಿಯ ಬಾಯಿಗೆ ಅಡ್ಡವಿದ್ದ ಮುಳ್ಳುಪಡಕು ಸರಿಸಿದಳು.

ಲಾಡಸಾಬ ಒಂದೊಂದೇ ಕುರಿಯ ಕಾಲು ಹಿಡಿದು ಟೆಂಪೊಗೆ ಏರಿಸಿದ. ಮರಿಗಳು ತಾಯಂದಿರ ಹಿಂದೆ ಓಡಿಬಂದವು. ಅವು ಕರಿ ಟಗರಿನ ಮರಿಗಳು, ಮೈತುಂಬ ಕಪ್ಪು.

"ಇವು?" ಎಂದಳು ಲಗಮವ್ವ.

"ಬಿಳೇವು ಅಂದಾನ. ಕರಿ ಮರಿ ಒಯ್ದರ ನಾಳೆ ನನ್ನ ಕೊಳ್ಳಪಟ್ಟಿಗಿ ಕೈ ಹಾಕ್ತಾನ. ನಾ ಒಯ್ಯಾಂವಲ್ಲ."

ಟೆಂಪೊ ಹೊರಟಿತು. ಮರಿಗಳು ರಸ್ತೆಯವರೆಗೆ ಓಡಿ, ಧೂಳಿನಲ್ಲಿ ನಿಂತು, ಒಂದೇ ಸಮನೆ ಒದರತೊಡಗಿದವು. ಇದೊಂದನ್ನು ಲಗಮವ್ವ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಕೆ ಅವನ್ನು ಅಟ್ಟಿಕೊಂಡು ಬಂದು, ಆಡಿನ ಹಾಲಿನಲ್ಲಿ ಬಟ್ಟೆಯ ಬತ್ತಿ ಅದ್ದಿ ಬಾಯಿಗಿಟ್ಟಳು. ಕೆಲವು ಚೀಪಿದವು, ಕೆಲವು ಚೀಪಲಿಲ್ಲ. ತಾನು ಮಾಡಿದ್ದಕ್ಕೆ ಆಕೆಗೆ ಪಶ್ಚಾತ್ತಾಪವಾಗಲಿಲ್ಲ, ಆದರೆ ಆ ಒದರಾಟ ಕೇಳಲಾಗದೆ ಎರಡು ಸಲ ಬಾವಿಯ ಕಡೆಗೆ ಹೋಗಿ ನಿಂತು ಬಂದಳು.

ಸಂತೆ ಮುಗಿಸಿದ ಲಾಡಸಾಬ ಹಿಂಡು ಇದ್ದಲ್ಲಿಗೇ ಹೋಗಿ ಹುಲ್ಲಪ್ಪನಿಗೆ ಹಾಲಗುರಿಗಳ ದುಡ್ಡು ಎಣಿಸಿಕೊಟ್ಟನಂತೆ. ಹುಲ್ಲಪ್ಪ ಹಿಂಡನ್ನು ಆಳುಗಳಿಗೆ ಒಪ್ಪಿಸಿ, ಮಧ್ಯಾಹ್ನದ ಬಿಸಿಲಲ್ಲಿ, ಹಣೆಯ ಭಂಡಾರ ಬೆವರಿಗೆ ಮೂಗಿನ ಮೇಲೆ ಇಳಿದಿರುವಂತೆಯೇ ಮನೆಗೆ ಬಂದ. ಬಂದವನೇ ಖಾಲಿ ದೊಡ್ಡಿಯ ಮುಂದೆ ನಿಂತ.

"ಯಾರು ಕೊಟ್ಟಾರ?" ಎಂದು ಒದರಿದ. "ನನ್ನ ಹಾಲಗುರಿ ಯಾರು ಕೊಟ್ಟಾರ?"

"ನೀನ ಹೇಳಿ ಕಳಿಸಿದೆಲ್ಲಣ್ಣ," ಎಂದ ಅಮಸಿದ್ದಪ್ಪ ಕಟ್ಟೆಯಿಂದ, ಗಾಬರಿಯಾಗಿ.

ಬಾಗಿಲ ಹಿಂದಿನಿಂದ ಲಗಮವ್ವ ಮಾತಾಡಿದಳು. ಭಾವನ ಎದುರು ಆಕೆ ಇಷ್ಟು ಜೋರಾಗಿ ಎಂದೂ ಮಾತಾಡಿರಲಿಲ್ಲ. "ಬಿಳೇವು ಕೊಡ್ರಿ ಅಂತ ಹೇಳಿದ್ರಂತ. ಬಿಳೇವು ಕೊಟ್ಟೇವಿ. ಒಂದೂ ಉಳಸಬ್ಯಾಡ ಅಂದಿದ್ರಂತ. ಉಳಿಸಿಲ್ಲ."

"ನಾ ಹೇಳಿದ್ದು..." ಹುಲ್ಲಪ್ಪನ ಕೈ ಹಿತ್ತಲ ಕಡೆಗೆ ಎದ್ದಿತು. ಎದ್ದದ್ದು ಅರ್ಧಕ್ಕೇ ನಿಂತಿತು. ಕಟ್ಟೆಯ ಮೇಲಿನಿಂದ ತಮ್ಮ ನೋಡುತ್ತಿದ್ದ.

"ಯಾವ ಬಿಳೇವು ಹೇಳಿದ್ದಿ ಅಣ್ಣ?" ಎಂದು ಅಮಸಿದ್ದಪ್ಪ ಕೇಳಿದ. ಆ ಪ್ರಶ್ನೆಯಲ್ಲಿ ಯಾವ ಕುಯುಕ್ತಿಯೂ ಇರಲಿಲ್ಲ. ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ.

ಲಗಮವ್ವ ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಹೇಳಲಿ, ಬಾಯಿ ಬಿಟ್ಟು ಹೇಳಲಿ ಎಂದು ಆಕೆಯ ಜೀವ ಹೊಡೆದುಕೊಂಡಿತು. ಕುಂಟ ತಮ್ಮನ ಅನ್ನವನ್ನು ಅವನ ಬೆನ್ನ ಹಿಂದೆ ಮಾರಲು ಹೊರಟಿದ್ದೆ ಎಂದು ಈ ಮನುಷ್ಯ ಒಮ್ಮೆ ಹೇಳಿಬಿಡಲಿ. ಗೂಟದ ಮೇಲಿನ ರುಮಾಲು ಯಾವ ಹಬ್ಬಕ್ಕೂ ಅಲ್ಲ ಎಂಬುದು ತನ್ನ ಗಂಡನಿಗೂ ಒಮ್ಮೆ ತಿಳಿಯಲಿ. ಅದಕ್ಕಾಗಿ ಮೊಲಗಳು ಹೋದರೂ ಹೋಗಲಿ ಎನ್ನಿಸಿತು ಆಕೆಗೆ ಆ ಗಳಿಗೆಯಲ್ಲಿ.

ಹುಲ್ಲಪ್ಪನ ಕೈ ಕೆಳಗಿಳಿಯಿತು.

"ಕುರಿನ," ಎಂದ. "ಕುರಿನ ಹೇಳಿದ್ದೆ."

"ಮತ್ತ ತಪ್ಪೇನಾತು?"

"ಏನಿಲ್ಲ. ಮರಿ ಯಾಕ ಬಿಟ್ಟುಹೋದ ಅಂತ ಕೇಳಿದೆ, ಅಷ್ಟ."

ಅಮಸಿದ್ದಪ್ಪನ ಮುಖ ತಿಳಿಯಾಯಿತು. "ಲಗಮೀ, ಅಣ್ಣ ಬಿಸಲಾಗ ಬಂದಾನ. ಮಜ್ಜಿಗಿ ಕೊಡು," ಎಂದು ಮತ್ತೆ ನೂಲಿಗೆ ಕೈ ಹಾಕಿದ.

ಲಗಮವ್ವ ತಂಬಿಗೆ ತಂದು ಹೊಸ್ತಿಲ ಮೇಲೆ ಇಟ್ಟಳು. ಹುಲ್ಲಪ್ಪ ಅದನ್ನು ದಾಟಿ ಒಳಗೆ ಹೋದ.

ಹೊತ್ತು ಇಳಿದ ಮೇಲೆ ಆಕೆ ಹಿತ್ತಲಲ್ಲಿ ಕುದುರೆಮೆಂತೆಯ ಕಟ್ಟು ಬಿಚ್ಚುತ್ತಿದ್ದಳು. ಕಪ್ಪು ಮರಿಗಳು ಆಕೆಯ ಕಾಲು ಬಿಡುತ್ತಿರಲಿಲ್ಲ. ಹಿಂದೆ ಮೆಟ್ಟಿನ ಸಪ್ಪಳವಾಯಿತು. ಹುಲ್ಲಪ್ಪ ಕಂಬಳಿ ಹೆಗಲಿಗೆ ಹಾಕಿಕೊಂಡು, ಹಿಂಡಿಗೆ ತಿರುಗಿ ಹೊರಟು ನಿಂತಿದ್ದ. ಆಕೆ ಸೆರಗು ಎಳೆದುಕೊಳ್ಳಲಿಲ್ಲ.

ಅವನು ಪಂಜರದ ಹತ್ತಿರ ಬಂದು, ಬಲೆಯೊಳಗೆ ನೋಡಿದ. ಬಾಯಿ ಒಣಗಿದವನಂತೆ ತುಟಿ ಸವರಿಕೊಂಡ.

"ಮೊಲ," ಎಂದ.

ಲಗಮವ್ವನ ಕೈಯಲ್ಲಿದ್ದ ಮೇವು ಕೆಳಗೆ ಬಿತ್ತು. ಈ ಹಿತ್ತಲಲ್ಲಿ, ಹಿಂಡು ಹೊರಗಿರುವಾಗ, ಆ ಶಬ್ದವನ್ನು ಆಕೆಯೂ ಆಡಿದವಳಲ್ಲ.

"ಮೊಲ," ಎಂದು ಅವನು ಇನ್ನೊಮ್ಮೆ ಅಂದ, ಕಟ್ಟೆಯವರೆಗೆ ಕೇಳದಷ್ಟು ಸಣ್ಣ ದನಿಯಲ್ಲಿ. "ತೋಳ ಬಿದ್ದರ ಬೀಳಲಿ. ಇನ್ನ ಮುಂದ ನಾ ಹೆಸರು ಹಿಡದ ಹೇಳಿ ಕಳಸ್ತೇನಿ. ಯಾರಿಗೂ ತಪ್ಪು ತಿಳಿಯಂಗಿಲ್ಲ."

ಅಷ್ಟು ಹೇಳಿ ತಿರುಗಿ ನಡೆದ. ಕಟ್ಟೆಯ ಹತ್ತಿರ "ಹೋಗಿ ಬಾರಣ್ಣ" ಎಂದು ಗಂಡ ಹೇಳಿದ್ದು ಆಕೆಗೆ ಕೇಳಿಸಿತು.

ಲಗಮವ್ವ ಒಳಗಿನಿಂದ ತಂತಿಯ ಸುರುಳಿ ತಂದಳು. ಮೊದಲ ಪಂಜರದ ಚಿಲಕಕ್ಕೆ ಪೋಣಿಸಿ, ಬಿಗಿಯಾಗಿ ತಿರುವಿ, ತುದಿಯನ್ನು ಒಳಕ್ಕೆ ಮಡಚಿದಳು. ಆಮೇಲೆ ಎರಡನೆಯದು. ಒಂದು ಕಪ್ಪು ಮರಿ ಆಕೆಯ ಸೀರೆಯ ಅಂಚನ್ನು ಬಾಯಲ್ಲಿ ಹಿಡಿದು ಚೀಪುತ್ತ, ಪಂಜರದಿಂದ ಪಂಜರಕ್ಕೆ ಆಕೆಯ ಹಿಂದೆಯೇ ನಡೆಯಿತು.