ಒಳಗೆ ಬಿಟ್ಟ ಬಟ್ಟೆ

ನನ್ನ ಹೊಲಿಗೆ ಅಂಗಡಿಯಲ್ಲಿ ‘ನೋಡೋಣ’ ಎಂದರೆ ಆಗುವುದಿಲ್ಲ ಎಂದರ್ಥ. ಕೈತುಂಬ ಕೆಲಸವಿರುವಾಗ ಗಿರಾಕಿ ಬಂದು ಶನಿವಾರಕ್ಕೆ ಬೇಕೇ ಬೇಕು ಎಂದು ಪಟ್ಟು ಹಿಡಿದರೆ, ಆಗಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲಾಗುತ್ತದೆಯೇ? ನೋಡೋಣ ಎನ್ನುತ್ತೇನೆ. ಅವರು ತಲೆಯಾಡಿಸಿ, “ಹಾಗಾದ್ರೆ ಯಾವಾಗ ಬರ್ಲಿ?” ಎಂದು ಕೇಳುತ್ತಾರೆ. ಬಾಯಿಗೆ ಬಂದ ದಿನ ಹೇಳಿ ಸಾಗಹಾಕುತ್ತೇನೆ. ಗುಂಡಿ ಡಬ್ಬಿಗಳ ಪಕ್ಕದ ಸ್ಟೂಲಿನಲ್ಲಿ ಕೂತಿರುವ ನಮ್ಮೆಜಮಾನರು, ಗಿರಾಕಿ ಮೆಟ್ಟಿಲಿಳಿದ ಮೇಲೆ, “ಪಾಪ, ನಂಬ್ಕೊಂಡು ಹೋಯ್ತು” ಎಂದು ನಗುತ್ತಾರೆ.

ಇವರು ಶಾಲೆಯ ವ್ಯಾನ್ ಓಡಿಸುತ್ತಿದ್ದವರು. ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದಾದ ಮೇಲೆ ಆ ಸ್ಟೂಲೇ ಗತಿಯಾಯಿತು. ಪ್ರತಿ ಸಲ ಕೀಮೋ ಕೊಟ್ಟಾಗಲೂ ಇನ್ನಷ್ಟು ಸೊರಗಿದರು. ನಾನು ಇವರ ಅಂಗಿಗಳನ್ನು ಪಕ್ಕದ ಹೊಲಿಗೆಯಲ್ಲಿ ಹಿಡಿದು ಬಿಗಿ ಮಾಡುತ್ತ ಬಂದೆ. ಹಿಡಿದೆ, ಕತ್ತರಿಸಲಿಲ್ಲ. ಮಿಕ್ಕ ಬಟ್ಟೆಯನ್ನು ಒಳಗೇ ಬಿಟ್ಟೆ. ಮೈ ತುಂಬಿಕೊಂಡ ಮೇಲೆ ಹೊಲಿಗೆ ಬಿಚ್ಚಿದರೆ ಸಾಕು, ಹಳೇ ಅಂಗಿ, ಹಳೇ ಗಂಡ. ನಮ್ಮಿಬ್ಬರ ಜಗಳವೆಲ್ಲ ಆ ಬಟ್ಟೆಗೇ.

“ಚುಚ್ಚತ್ತೆ ಕಣೇ. ಕತ್ತರಿಸಿ ಬಿಸಾಕು.”

“ಸುಮ್ನಿರ್ರೀ. ನಾಳೆ ದಪ್ಪ ಆದ್ರೆ ಬರೀ ಮೈಲಿ ಓಡಾಡ್ತೀರಾ?”

ಹಿಂದಿನ ಸ್ಕ್ಯಾನಿನಲ್ಲಿ ಗಡ್ಡೆ ಕರಗುತ್ತಿದೆ ಎಂದಿದ್ದರು. ಆ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲೇ ಗಟ್ಟಿಯಾಗಿ ನಕ್ಕು ನರ್ಸಮ್ಮನ ಕೈಲಿ ಬೈಸಿಕೊಂಡಿದ್ದೆ. ಈ ಸಲ ಲಿವರಿಗೂ ಹರಡಿದೆ ಎಂದರು. ಇದುವರೆಗಿನ ಔಷಧಿ ಇನ್ನು ನಾಟುವುದಿಲ್ಲವಂತೆ, ಬೇರೆ ಒಂದಿದೆಯಂತೆ. ಡಾಕ್ಟರು ಒಳ್ಳೆಯವರು. ನನಗೆ ಉರಿಯುವುದೇ ಅದಕ್ಕೆ. ಕೆಟ್ಟವರಾಗಿದ್ದರೆ ಮನಸಾರೆ ಬೈದಾದರೂ ಎದೆ ಹಗುರ ಮಾಡಿಕೊಳ್ಳಬಹುದಿತ್ತು.

“ಇದಾದ್ರೂ ಹಿಡಿಯತ್ತಾ ಡಾಕ್ಟ್ರೇ?”

ಅವರು ಕನ್ನಡಕ ತೆಗೆದು ಒರೆಸಿದರು. “ನೋಡೋಣಮ್ಮ.”

ಇವರ ಕಡೆ ನೋಡುವ ಧೈರ್ಯವಾಗಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, “ಹಾಗಾದ್ರೆ ಯಾವಾಗ ಬರೋಣ?” ಎಂದು ಕೇಳಿದೆ.

ಬಸ್ಸಿನಲ್ಲಿ ಇವರು ಕಿಟಕಿಯಾಚೆ ನೋಡುತ್ತ ಕೂತಿದ್ದವರು ಇದ್ದಕ್ಕಿದ್ದಂತೆ, “ಅವ್ರೂ ಟೈಲರ್ರೇ ಕಣೇ” ಎಂದರು. “ನೀನೂ ಒಳ್ಳೆ ಗಿರಾಕಿ ಥರಾನೇ ಕೇಳ್ದೆ.”

ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಸಾಯುವ ಮಾತಿನಲ್ಲೂ ತಮಾಷೆ ಮಾಡುವ ಈ ಮನುಷ್ಯನನ್ನು ಅಲ್ಲೇ ಇಳಿಸಿ ಹೋಗೋಣವೆನ್ನಿಸಿತು. ಇಳಿಸಿದ್ದರೆ ನಾನೂ ಇಳಿಯುತ್ತಿದ್ದೆ, ಆ ಮಾತು ಬೇರೆ.

ಅಂಗಡಿಯ ಬಾಗಿಲಲ್ಲೇ ನಾದಿನಿ ಕಾಯುತ್ತಿದ್ದಳು. “ಏನಂದ್ರಣ್ಣ?”

“ನೋಡೋಣ ಅಂದ್ರು.”

“ಸದ್ಯ! ಆಗಲ್ಲ ಅನ್ಲಿಲ್ವಲ್ಲ. ಅತ್ತಿಗೆ, ನೀವು ಮುಖ ಹೀಗೆ ಗಂಟು ಹಾಕ್ಕೊಂಡ್ರೆ ಅಣ್ಣ ಹೇಗೆ ಹುಷಾರಾಗ್ಬೇಕು ಹೇಳಿ? ಧೈರ್ಯವಾಗಿರ್ಬೇಕು.” ಧೈರ್ಯ ಹೇಳುವುದಕ್ಕೇನು, ಮಾರನೆಯ ದಿನ ಅವಳ ಮನೆ ಅವಳಿಗೆ. ಕಾಫಿ ಕೊಟ್ಟು ಕಳಿಸಿದೆ.

ಅವಳು ಹೋದ ಮೇಲೆ ಇವರು ಅಂಗಿ ಬಿಚ್ಚಿ ಮೆಷಿನ್ನಿನ ಮೇಲೆ ಹಾಕಿದರು. “ಇವತ್ತಾದ್ರೂ ಕತ್ತರಿಸ್ತೀಯಾ?”

ಬಯ್ಯಲು ತಲೆಯೆತ್ತಿದೆ. ಎರಡೂ ಪಕ್ಕೆಗಳ ಮೇಲೆ, ನಾನು ಬಟ್ಟೆ ಬಿಟ್ಟ ಜಾಗದಲ್ಲೇ, ಉದ್ದಕ್ಕೆ ಕೆಂಪಗೆ ಬರೆ ಎದ್ದಿತ್ತು. ಚರ್ಮದ ಕೆಳಗೆ ಮೂಳೆಯಲ್ಲದೆ ಏನೂ ಉಳಿದಿರಲಿಲ್ಲ. ಇಷ್ಟು ದಿನ ಸುಮ್ಮನೆ ಹಟ ಮಾಡುತ್ತಾರೆ ಎಂದುಕೊಂಡಿದ್ದೆ. ನನ್ನ ಆಸೆಯನ್ನು ಇವರ ಮೈಗೆ ಚುಚ್ಚುವ ಹಾಗೆ ಹೊಲಿದಿಟ್ಟಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕತ್ತರಿ ತೆಗೆದುಕೊಂಡೆ. ಕಂಕುಳಿನಿಂದ ಕೆಳಗಿನವರೆಗೆ ಒಂದೇ ಸಮನೆ ಕತ್ತರಿಸಿದೆ, ಮೊದಲು ಈ ಪಕ್ಕ, ಆಮೇಲೆ ಆ ಪಕ್ಕ. ಅಂಚಿಗೆ ಹೊಲಿಗೆ ಹಾಕಿ ಕೊಟ್ಟೆ. ಇವರು ತೊಟ್ಟು, ಪಕ್ಕೆ ಸವರಿಕೊಂಡು, “ಹಾಂ, ಈಗ ಹಾಯಾಗಿದೆ” ಎಂದರು. ಬಟ್ಟೆ ಚೂರುಗಳನ್ನು ಗುಡಿಸಲು ಹೋದರೆ ಬಿಡಲಿಲ್ಲ. ಬಗ್ಗಿ, ಉಸಿರು ಕಟ್ಟಿ, ಒಂದೊಂದನ್ನೇ ಆರಿಸಿ ಮಡಚಿ ಜೇಬಿಗೆ ಹಾಕಿಕೊಂಡರು.

“ಅದ್ಯಾಕ್ರೀ?”

“ಇರ್ಲಿ ಬಿಡೆ.” ಮುಖದಲ್ಲಿ ತಮಾಷೆಯಿರಲಿಲ್ಲ. “ಅಕಸ್ಮಾತ್ ಮತ್ತೆ ದಪ್ಪ ಆದ್ರೆ... ಇದನ್ನ ಸೇರಿಸಿ ಹೊಲಿಯೋಕಾಗತ್ತಲ್ವಾ?”

“ನೋಡೋಣ” ಎಂದೆ.

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಆಚೆ ಬಂದಾಗಿತ್ತು. ಇವರು ಗಿರಾಕಿಗಳ ಹಾಗೆಯೇ ತಲೆಯಾಡಿಸಿದರು. ಯಾವಾಗ ಬರ್ಲಿ ಎಂದು ಮಾತ್ರ ಕೇಳಲಿಲ್ಲ.